ಊಬೆಯ ನೆಂಟರು

ಫಿಲಿಪ್ಪೀನ್ಸಿನ ಊಬೆ ಕುಕ್ಕಿ ಮಾಡಲು ಹೊರಟು, ಬೇಕಾದ ಸಾಮಾನುಗಳ ಟಗಾಲೋಗ್ ಹೆಸರುಗಳನ್ನು ಬರೆದುಕೊಂಡೆ. ಗೋಧಿಹಿಟ್ಟು ‘ಅರಿನಾ’, ಬೆಣ್ಣೆ ‘ಮಾಂತಿಕಿಲ್ಯ’, ಓವನ್ ‘ಹುರ್ನೊ’. 1565ರಿಂದ 1898ರವರೆಗೆ ಆಳಿದ ಸ್ಪೇನ್ ಬಿಟ್ಟುಹೋದ ಮಾತುಗಳಿವು. ಸಕ್ಕರೆ ‘ಅಸುಕಲ್’; ಅದು ಸ್ಪ್ಯಾನಿಷಿಗೆ ಅರಬ್ಬರ ‘ಸುಕ್ಕರ್’ನಿಂದ ಬಂತು, ಅದರ ಹಿಂದೆ ಸಂಸ್ಕೃತದ ‘ಶರ್ಕರಾ’ ಇದೆ. ನಮ್ಮ ಡಬ್ಬಿಯ ಸಕ್ಕರೆಗೂ ಮನಿಲಾದಲ್ಲಿ ನೆಂಟರಿದ್ದಾರೆ!

ಊಬೆ ಈ ಸಾಲಿಗೆ ಸೇರಿದ್ದಲ್ಲ. ಅದೊಂದು ನೇರಳೆ ಗಡ್ಡೆ. ಗುಜರಾತಿಗಳು ಊಂಧಿಯೂಗೆ ಹಾಕುವ ಕಂದದ ಜಾತಿಯದು. ನನಗೆ ಸಿಕ್ಕಿದ್ದೂ ಆ ಕಂದವೇ. ಆಸ್ಟ್ರೋನೇಷ್ಯನ್ ನಾವಿಕರು ಗಡ್ಡೆಯನ್ನು ದೋಣಿಯಲ್ಲಿಟ್ಟುಕೊಂಡು ದ್ವೀಪದಿಂದ ದ್ವೀಪಕ್ಕೆ ಹೋದರು. ಹೆಸರೂ ಜೊತೆಗೆ ಹೋಯಿತು: ಮಲಯದಲ್ಲಿ ‘ಉಬಿ’, ಹವಾಯಿಯಲ್ಲಿ ‘ಉಹಿ’, ಆಫ್ರಿಕಾದ ಪಕ್ಕದ ಮಡಗಾಸ್ಕರಿನಲ್ಲಿ ‘ಊವಿ’. ಸ್ಪೇನಿನ ಹಡಗುಗಳು ಕಾಣಿಸಿಕೊಳ್ಳುವ ಎಷ್ಟೋ ಶತಮಾನಗಳ ಮುಂಚಿನ ಮಾತಿದು.

ಕುಕ್ಕಿ ಎಂಬ ರೂಪವಾದರೋ ಸ್ಪೇನಿನ ನಂತರ ಬಂದ ಅಮೆರಿಕನ್ನರದು. ಗೋಧಿಯೂ ಆಮದಿನದು. ಹಾಗಾಗಿ ಇದನ್ನು ಪುರಾತನ ತಿನಿಸೆಂದು ಮಾರುವವರ ಮಾತನ್ನು ನಾನು ಒಪ್ಪುವುದಿಲ್ಲ. ಪರಕೀಯವೆಂದು ತಳ್ಳಿಹಾಕಲೂ ಮನಸ್ಸಿಲ್ಲ. ಬೇಯಿಸಿ ಅರೆದ ಗಡ್ಡೆಯನ್ನು ಹಾಲು, ಸಕ್ಕರೆ, ಬೆಣ್ಣೆಯೊಡನೆ ಮಗುಚಿದರೆ ‘ಹಲಾಯಾ’ (ಇದೂ ಸ್ಪ್ಯಾನಿಷ್ ಮಾತೇ!). ಅದನ್ನೇ ಹಿಟ್ಟಿಗೆ ಕಲಸುವುದು.

ಬರೀ ಗಡ್ಡೆಯ ಬಣ್ಣ ಬೆಂದಾಗ ಮಂಕಾಗುತ್ತದೆ. ಅಡುಗೆ ಸೋಡಾ ಹೆಚ್ಚಾದರೆ ನೀಲಿ, ಹಸಿರಿಗೂ ತಿರುಗುತ್ತದೆ. ಚಿತ್ರಗಳಲ್ಲಿ ಹೊಳೆಯುವ ನೇರಳೆ ಹೆಚ್ಚಾಗಿ ಸೀಸೆಯದು. ನಾನು ಸೀಸೆ ತರಲಿಲ್ಲ. ನನ್ನ ಕುಕ್ಕಿಗಳು ಬೂದು ಬೆರೆತ ನೇರಳೆಯಾಗಿ ಹೊರಬಂದವು.