ಚಾಂಪಿಯನ್ ವಂಶದ ಗಂಡಿಗೆ ಚಾಂಪಿಯನ್ ಮರಿಯೇ ಹುಟ್ಟುತ್ತದೆಯೇ? ಉಳುಮೆ ಕುದುರೆಗಳ ವಂಶಾವಳಿ ಹೇಳುವುದೇನು?

"ತಂದೆ ಚಾಂಪಿಯನ್, ಪೆಡಿಗ್ರಿ ಸರ್ಟಿಫಿಕೇಟ್ ಇದೆ, ಮರಿಯೂ ಚಾಂಪಿಯನ್ ಆಗುವುದು ಗ್ಯಾರಂಟಿ." ನಾಯಿಮರಿ, ಕುದುರೆ, ಹೋರಿ, ಟಗರು, ಯಾವುದರ ಮಾರಾಟದ ಮೆಸೇಜ್ ಬಂದರೂ ಇಂಥದ್ದೊಂದು ಸಾಲು ಇದ್ದೇ ಇರುತ್ತದೆ. ಇದರ ಜೊತೆಗೆ ಆಗಾಗ ಸುತ್ತುವ ಇನ್ನೊಂದು ಫಾರ್ವರ್ಡ್ ಇದೆ. ಹೆಣ್ಣು ಮೊದಲು ಕೂಡಿದ ಗಂಡಿನ ಗುಣ ಮುಂದೆ ಬೇರೆಯವರಿಂದ ಹುಟ್ಟುವ ಮಕ್ಕಳಲ್ಲೂ ಉಳಿಯುತ್ತದೆ ಎಂದು ಅದು ಹೇಳುತ್ತದೆ, ಸಾಕ್ಷಿಗೆ ಕುದುರೆ ಮತ್ತು ಜೀಬ್ರಾದ ಕಥೆ ಕೊಡುತ್ತದೆ.

ಎರಡೂ ಹೊಸ ಮಾತುಗಳಲ್ಲ. 19ನೇ ಶತಮಾನದ ಕುದುರೆ ಸಾಕಣೆದಾರರು ಇವನ್ನು ನಂಬಿ ಹಣ ಹಾಕಿದ್ದಾರೆ. ಬ್ರಿಟನ್ನಿನ ವಸಾಹತುಗಳಾಗಿದ್ದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಕೃಷಿ ಜಿಲ್ಲೆಗಳಲ್ಲಿ ಉಳುಮೆ ಕುದುರೆಗಳ ವಂಶಾವಳಿ ಹೇಗೆ ಕೆಲಸ ಮಾಡುತ್ತಿತ್ತು ಎಂದು ನೋಡಿದರೆ, ಈ ಮಾತುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದು ತಿಳಿಯುತ್ತದೆ.

ಸಂಕ್ಷಿಪ್ತವಾಗಿ: ವಂಶಾವಳಿ ಎಂದರೆ ಯಾರ ಮರಿ ಎಂಬ ದಾಖಲೆ. ಅದು ಆರೋಗ್ಯದ ಪ್ರಮಾಣಪತ್ರ ಅಲ್ಲ. ಮೊದಲ ಗಂಡಿನ ಗುಣ ನಂತರದ ಮರಿಗಳಿಗೆ ಬರುತ್ತದೆ ಎಂಬುದು ಸುಳ್ಳು.

ಆ ಜಿಲ್ಲೆಗಳಲ್ಲಿ ಗಂಡು ಕುದುರೆಗೆ ಅಷ್ಟು ಮಹತ್ವ ಏಕೆ?

ವಿಕ್ಟೋರಿಯಾದ ಗೋಧಿ ಪ್ರದೇಶಗಳಲ್ಲಿ, ನ್ಯೂಜಿಲೆಂಡ್‌ನ ಕ್ಯಾಂಟರ್ಬರಿ, ಒಟಾಗೊ, ಸೌತ್‌ಲ್ಯಾಂಡ್ ಬಯಲುಗಳಲ್ಲಿ ಟ್ರ್ಯಾಕ್ಟರ್ ಬರುವ ಮೊದಲು ನೇಗಿಲು, ಕೊಯ್ಲು ಯಂತ್ರ, ಗೋಧಿ ಮೂಟೆಯ ಗಾಡಿ ಎಲ್ಲವನ್ನೂ ಎಳೆದದ್ದು ಭಾರಿ ಕುದುರೆಗಳು. ಅವುಗಳಲ್ಲಿ ಹೆಸರುವಾಸಿಯಾದದ್ದು ಸ್ಕಾಟ್ಲೆಂಡ್ ಮೂಲದ ಕ್ಲೈಡ್ಸ್‌ಡೇಲ್ ತಳಿ. ಬೆಳೆದ ಕುದುರೆ 700ರಿಂದ 1,000 ಕೆ.ಜಿ. ತೂಗುತ್ತದೆ, ಕಾಲಿನ ಕೆಳಭಾಗದಲ್ಲಿ ಉದ್ದನೆಯ ರೇಷ್ಮೆಯಂಥ ಕೂದಲು ಇರುತ್ತದೆ. 1911ರ ಒಂದೇ ವರ್ಷದಲ್ಲಿ ಸ್ಕಾಟ್ಲೆಂಡ್‌ನಿಂದ 1,617 ಗಂಡು ಕುದುರೆಗಳು ವಿದೇಶಗಳಿಗೆ ರಫ್ತಾದವು.

ಎಲ್ಲ ರೈತರಿಗೂ ಇಂಥ ಗಂಡು ಕುದುರೆ ಕೊಳ್ಳುವ ಶಕ್ತಿ ಇರಲಿಲ್ಲ. ಹಾಗಾಗಿ ವಸಂತ ಬಂತೆಂದರೆ ಬೀಜದ ಕುದುರೆಯೇ ಊರೂರು ತಿರುಗುತ್ತಿತ್ತು. ಒಬ್ಬ ಆಳು ಅದನ್ನು ನಡೆಸಿಕೊಂಡು ನಿಗದಿತ ದಾರಿಯಲ್ಲಿ, ನಿಗದಿತ ದಿನಕ್ಕೆ ಆಯಾ ಊರಿಗೆ ಬರುತ್ತಿದ್ದ. ರೈತರು ತಮ್ಮ ಹೆಣ್ಣು ಕುದುರೆಯನ್ನು ತಂದು ಕೊಡಿಸಿ ಶುಲ್ಕ ಕಟ್ಟುತ್ತಿದ್ದರು. ಕುದುರೆ ಬರುವ ಮೊದಲೇ ಅದರ ಕರಪತ್ರ ಮತ್ತು ಪತ್ರಿಕೆ ಜಾಹೀರಾತು ಊರು ತಲುಪುತ್ತಿತ್ತು. ಅದರಲ್ಲಿ ಕುದುರೆಯ ಹೆಸರು, ಬಣ್ಣ, ಗೆದ್ದ ಬಹುಮಾನ, ಶುಲ್ಕ, ಬರುವ ದಾರಿ, ಜೊತೆಗೆ ತಂದೆ, ತಾತ, ಮುತ್ತಾತನ ಹೆಸರುಗಳ ಉದ್ದನೆಯ ಪಟ್ಟಿ. ಆ ಕಾಲದ ಫಾರ್ವರ್ಡ್ ಎಂದರೆ ಇದೇ. ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡ್‌ನ ಪೇಪರ್ಸ್ ಪಾಸ್ಟ್ ಎಂಬ ಉಚಿತ ಡಿಜಿಟಲ್ ಪತ್ರಿಕಾ ಸಂಗ್ರಹಗಳಲ್ಲಿ ಇಂಥ ಜಾಹೀರಾತುಗಳನ್ನು ಇಂದಿಗೂ ಓದಬಹುದು.

ರೈತನ ಪಾಲಿಗೆ ಇದು ದೊಡ್ಡ ಜೂಜು. ಕುದುರೆಯ ಗರ್ಭ ಸುಮಾರು 11 ತಿಂಗಳು. ಹುಟ್ಟಿದ ಮರಿ ಪೂರ್ತಿ ದುಡಿಮೆಗೆ ಬರಲು ಮತ್ತೆ ಸುಮಾರು ನಾಲ್ಕು ವರ್ಷ. ಇಂದು ಕಟ್ಟಿದ ಶುಲ್ಕದ ಫಲ ಗೊತ್ತಾಗುವುದು ಐದು ವರ್ಷದ ನಂತರ. ಅಷ್ಟು ದಿನ ಮೇವು ಹಾಕಿ ಬೆಳೆಸಿದ ಕುದುರೆ ಕುಂಟಿದರೆ ಉಳುಮೆ ನಿಲ್ಲುತ್ತದೆ.

ವಂಶಾವಳಿ ಪುಸ್ತಕ ಬಂದದ್ದು ಹೇಗೆ?

ಕ್ಲೈಡ್ಸ್‌ಡೇಲ್ ಸಾಕಣೆದಾರರ ಸಂಘ ಸ್ಕಾಟ್ಲೆಂಡ್‌ನಲ್ಲಿ 1877ರಲ್ಲಿ ಶುರುವಾಯಿತು. ಮರುವರ್ಷವೇ ತಳಿ ನೋಂದಣಿ ಪುಸ್ತಕ ಬಂತು. ಪ್ರತಿ ಗಂಡು ಕುದುರೆಗೂ ಒಂದು ಸಂಖ್ಯೆ. ಪ್ರಿನ್ಸ್ ಆಫ್ ವೇಲ್ಸ್ 673, ಡಾರ್ನ್‌ಲಿ 222 ಎಂಬ ಎರಡು ಗಂಡುಗಳ ವಂಶ ಈ ತಳಿಯಲ್ಲಿ ಬಹಳ ಹಬ್ಬಿದೆ. ಆಸ್ಟ್ರೇಲಿಯಾದಲ್ಲಿ ಈ ತಳಿಗೆ ಪ್ರತ್ಯೇಕ ಸಂಘ ಬಂದದ್ದು 1918ರಲ್ಲಿ.

ಈ ಪುಸ್ತಕದಿಂದ ನಿಜವಾದ ಉಪಯೋಗವಿತ್ತು. ಸಾವಿರಾರು ಮೈಲಿ ದೂರದಿಂದ ಹಡಗಿನಲ್ಲಿ ಬಂದ ಕುದುರೆ ಯಾರ ಮಗ ಎಂದು ಸಂಖ್ಯೆ ಹಿಡಿದು ಪರಿಶೀಲಿಸಬಹುದಿತ್ತು. ಆದರೆ "ಶುದ್ಧ ರಕ್ತ" ಎಂಬ ಮಾತು ಆಗಲೂ ಅಷ್ಟು ಸರಳವಾಗಿರಲಿಲ್ಲ. ಇಂಗ್ಲೆಂಡಿನ ಶೈರ್ ತಳಿಯ ರಕ್ತವನ್ನು ಕ್ಲೈಡ್ಸ್‌ಡೇಲ್‌ಗೆ ಬೆರೆಸುತ್ತಿದ್ದ ಸಾಕಣೆದಾರರೇ 1883ರಲ್ಲಿ ಇನ್ನೊಂದು ಸಂಘ ಕಟ್ಟಿದರು. ತಳಿಯ ಗಡಿ ಎಲ್ಲಿ ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಪ್ರಕೃತಿ ಎಳೆದ ಗೆರೆ ಅಲ್ಲ.

ಇನ್ನೊಂದು ವಿಷಯ ಗಮನಿಸಿ. ಅನುವಂಶೀಯತೆಯ ಕುರಿತ ಮೆಂಡಲ್ ನಿಯಮಗಳು ವಿಜ್ಞಾನ ಲೋಕದ ಗಮನಕ್ಕೆ ಮತ್ತೆ ಬಂದದ್ದು 1900ರಲ್ಲಿ. ಅಂದರೆ ಪುಸ್ತಕ ಶುರುವಾದಾಗ, ತಂದೆಯಿಂದ ಮರಿಗೆ ಗುಣ ಹೇಗೆ ದಾಟುತ್ತದೆ ಎಂಬುದು ಅದನ್ನು ಬರೆದವರಿಗೇ ಗೊತ್ತಿರಲಿಲ್ಲ.

ನಂಬಿಕೆ 1: ಮುತ್ತಾತ ಚಾಂಪಿಯನ್ ಆಗಿದ್ದರೆ ಮರಿಯೂ ಚಾಂಪಿಯನ್

ಕುದುರೆಗೆ 64 ವರ್ಣತಂತುಗಳಿವೆ. 32 ತಂದೆಯಿಂದ, 32 ತಾಯಿಯಿಂದ ಬರುತ್ತವೆ. ತಂದೆಯ ಪಾಲು ಅರ್ಧ. ತಾತನದು ಸರಾಸರಿ ಕಾಲು ಭಾಗ, ಮುತ್ತಾತನದು ಎಂಟರಲ್ಲಿ ಒಂದು. ಅದಕ್ಕೂ ಹಿಂದಿನ ತಲೆಮಾರಿನದು ಹದಿನಾರರಲ್ಲಿ ಒಂದು, ಅಂದರೆ ಶೇ. 6ರಷ್ಟು. ಆ ಅಲ್ಪ ಪಾಲಿನಲ್ಲಿ ಯಾವ ಗುಣ ಬರುತ್ತದೆ ಎಂಬುದೂ ಪ್ರತಿ ಸಲ ಚೀಟಿ ಎತ್ತಿದ ಹಾಗೆ. ಅದಕ್ಕೇ ಒಂದೇ ತಂದೆ ತಾಯಿಗೆ ಹುಟ್ಟಿದ ಎರಡು ಮರಿ ಒಂದೇ ಥರ ಇರುವುದಿಲ್ಲ.

ಬೆಲೆ ಮಾತ್ರ ಹೆಸರನ್ನು ನೋಡಿಯೇ ಏರುತ್ತಿತ್ತು. ಬ್ಯಾರನ್ ಆಫ್ ಬುಕ್ಲೈವಿ ಎಂಬ ಕ್ಲೈಡ್ಸ್‌ಡೇಲ್ ಗಂಡು 1911ರ ಹರಾಜಿನಲ್ಲಿ 9,500 ಪೌಂಡ್‌ಗೆ ಮಾರಾಟವಾಯಿತು. ಅದರ ಅಸ್ಥಿಪಂಜರ ಈಗ ಗ್ಲಾಸ್ಗೊದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯದಲ್ಲಿದೆ.

ನಂಬಿಕೆ 2: ಬೀಜ ಮುಖ್ಯ, ಹೆಣ್ಣು ಬರೀ ಹೊಲ

ಜಾಹೀರಾತುಗಳಲ್ಲಿ ಎದ್ದು ಕಾಣುತ್ತಿದ್ದದ್ದು ಗಂಡಿನ ಕಡೆಯ ಹೆಸರುಗಳೇ. ಬಿತ್ತಿದ್ದೇ ಬೆಳೆಯುತ್ತದೆ ಎಂದು ನಾವು ಹೊಲದ ಲೆಕ್ಕದಲ್ಲಿ ಹೇಳುವುದುಂಟು, ಆದರೆ ಮರಿಯ ವಿಷಯದಲ್ಲಿ ಅರ್ಧ ಬೀಜ ತಾಯಿಯದೇ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್ಎ ಬರುವುದು ತಾಯಿಯಿಂದ. ಗರ್ಭದಲ್ಲಿ ಸಿಗುವ ಪೋಷಣೆ, ಹುಟ್ಟಿದ ಮೇಲಿನ ಹಾಲು ತಾಯಿಯದೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಈ ಕರಪತ್ರಗಳಿಗಿಂತ ಸತ್ಯಕ್ಕೆ ಹತ್ತಿರ. ಅದೂ ಅರ್ಧ ಸತ್ಯವೇ, ಏಕೆಂದರೆ ಉಳಿದರ್ಧ ತಂದೆಯದು.

ಹಾಗಿದ್ದರೂ ಗಂಡಿನ ಆಯ್ಕೆಗೆ ಹೆಚ್ಚು ಎಚ್ಚರ ಬೇಕು ಎನ್ನುವುದು ಸರಿ. ಕಾರಣ ಬೇರೆ. ಹೆಣ್ಣು ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಒಂದು ಗಂಡನ್ನು ಒಂದು ಹಂಗಾಮಿನಲ್ಲಿ 80 ಹೆಣ್ಣುಗಳಿಗೆ ಕೊಡಿಸಿದರು ಎಂದುಕೊಳ್ಳಿ. ಅದರಲ್ಲಿ ದೋಷವಿದ್ದರೆ ಇಡೀ ಜಿಲ್ಲೆಗೆ ಹರಡುತ್ತದೆ.

ನಂಬಿಕೆ 3: ಮೊದಲ ಗಂಡಿನ ಗುರುತು ಹೆಣ್ಣಿನಲ್ಲಿ ಉಳಿಯುತ್ತದೆ

ಇದರ ಮೂಲ ಲಾರ್ಡ್ ಮಾರ್ಟನ್ ಎಂಬವರ ಹೆಣ್ಣು ಕುದುರೆ. ಅದನ್ನು ಮೊದಲು ಜೀಬ್ರಾ ಜಾತಿಯ ಕ್ವಾಗಾಗೆ ಕೊಡಿಸಿದ್ದರು. ಮುಂದೆ ಅದು ಕಪ್ಪು ಅರಬ್ಬಿ ಗಂಡಿನಿಂದ ಹಾಕಿದ ಮರಿಗಳ ಮೈಮೇಲೂ ಪಟ್ಟೆಗಳು ಕಂಡವು. 1821ರಲ್ಲಿ ಪ್ರಕಟವಾದ ಈ ವರದಿಯನ್ನು ಚಾರ್ಲ್ಸ್ ಡಾರ್ವಿನ್ ಅವರಂಥವರೂ ಗಂಭೀರವಾಗಿ ತೆಗೆದುಕೊಂಡರು.

ಇದನ್ನು ಪರೀಕ್ಷೆಗೆ ಒಡ್ಡಿದ್ದು ಎಡಿನ್‌ಬರೊ ವಿಶ್ವವಿದ್ಯಾಲಯದ ಜೇಮ್ಸ್ ಕೊಸ್ಸಾರ್ ಯೂಅರ್ಟ್. ಅವರು 1890ರ ದಶಕದಲ್ಲಿ ಹೆಣ್ಣು ಕುದುರೆಗಳನ್ನು ಮೊದಲು ಜೀಬ್ರಾಗೆ, ನಂತರ ಕುದುರೆಗಳಿಗೆ ಕೊಡಿಸಿ ಮರಿಗಳನ್ನು ಗಮನಿಸಿದರು. ಮೊದಲ ಗಂಡಿನ ಪ್ರಭಾವಕ್ಕೆ ಪುರಾವೆ ಸಿಗಲಿಲ್ಲ. ಜೀಬ್ರಾದ ಸಂಪರ್ಕವೇ ಇಲ್ಲದ ಕುದುರೆಮರಿಗಳ ಕಾಲು, ಭುಜಗಳಲ್ಲೂ ಪಟ್ಟೆಗಳು ಬರುತ್ತವೆ. ಫಲಿತಾಂಶವನ್ನು ಅವರು 1899ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಕಾರಣ ಸರಳ. ಒಂದು ಮರಿಯಾಗುವುದು ಒಂದು ಅಂಡ, ಒಂದು ವೀರ್ಯಾಣುವಿನಿಂದ. ಹಿಂದಿನ ಗಂಡಿನ ವೀರ್ಯಾಣು ಕೆಲವೇ ದಿನಗಳಲ್ಲಿ ನಾಶವಾಗುತ್ತದೆ. ಕುದುರೆಯ ಹೆಸರಿನಲ್ಲಿ ಬರುವ ಈ ಫಾರ್ವರ್ಡ್ ಕೊನೆಗೆ ಗುರಿಯಿಡುವುದು ಹೆಣ್ಣುಮಕ್ಕಳ ಚಾರಿತ್ರ್ಯದ ಮೇಲೆ. ನೂರು ವರ್ಷಕ್ಕೂ ಹಿಂದೆ ಕುದುರೆ ಲಾಯದಲ್ಲೇ ಸೋತ ವಾದವನ್ನು ಮನುಷ್ಯರ ಮೇಲೆ ಹೊರಿಸುವುದು ವಿಜ್ಞಾನವಲ್ಲ.

ಹಾಗಾದರೆ ರೈತರಿಗೆ ನೆರವಾದದ್ದು ಯಾವುದು?

ಪಶುವೈದ್ಯರ ಪರೀಕ್ಷೆ. ಭಾರಿ ಕುದುರೆಗಳಲ್ಲಿ ಗೊರಸಿನ ಪಕ್ಕದ ಮೃದ್ವಸ್ಥಿ ಗಟ್ಟಿಯಾಗುವುದು, ಪಾದದ ಕೀಲಿನ ಸುತ್ತ ಮೂಳೆ ಬೆಳೆಯುವುದು, ಉಸಿರಾಡುವಾಗ ಗೊರಗೊರ ಶಬ್ದ ಬರುವುದು ಸಾಮಾನ್ಯ ತೊಂದರೆಗಳು. ಇವು ವಂಶಾವಳಿ ಪತ್ರದಲ್ಲಿ ಕಾಣುವುದಿಲ್ಲ, ಕಾಲು ಮುಟ್ಟಿ ನೋಡಬೇಕು, ಓಡಿಸಿ ಉಸಿರು ಕೇಳಬೇಕು. ವಿಕ್ಟೋರಿಯಾದ ಕೃಷಿ ಇಲಾಖೆ 20ನೇ ಶತಮಾನದ ಆರಂಭದ ವರ್ಷಗಳಲ್ಲೇ ಬೀಜದ ಕುದುರೆಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡತೊಡಗಿತು. ನ್ಯೂಜಿಲೆಂಡ್ 1914ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು.

ಕಣ್ಣಿಗೆ ಕಾಣದ ದೋಷಗಳೂ ಇವೆ. ಬೆಲ್ಜಿಯನ್ ಎಂಬ ಭಾರಿ ತಳಿಯಲ್ಲಿ ಚರ್ಮ ಕಳಚಿ ಮರಿ ಕೆಲವೇ ದಿನಗಳಲ್ಲಿ ಸಾಯುವ ಕಾಯಿಲೆಯಿದೆ. ದೋಷದ ಜೀನ್‌ನ ಒಂದೇ ಪ್ರತಿ ಇರುವ ಗಂಡು ಪೂರ್ತಿ ಆರೋಗ್ಯವಾಗಿರುತ್ತದೆ, ಬಹುಮಾನವನ್ನೂ ಗೆಲ್ಲಬಹುದು. ಅಂಥ ಗಂಡು ಅಂಥದ್ದೇ ಹೆಣ್ಣಿಗೆ ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ಕಾಯಿಲೆ ಬರುವ ಸಾಧ್ಯತೆ. ಒಂದೇ ಹೆಸರು ತಂದೆ, ತಾಯಿ ಎರಡೂ ಕಡೆ ಮತ್ತೆ ಮತ್ತೆ ಬರುವ ವಂಶಾವಳಿಯಲ್ಲಿ ಈ ಅಪಾಯ ಹೆಚ್ಚು. ಇದನ್ನು ಈಗ ಡಿಎನ್ಎ ಪರೀಕ್ಷೆಯಿಂದ ಪತ್ತೆ ಮಾಡಬಹುದು.

ಮರಿ ಅಥವಾ ಹೋರಿಯ ಮೆಸೇಜ್ ಬಂದಾಗ ಏನು ಕೇಳಬೇಕು?

2021ರ ಬೆಂಗಳೂರು ಕೃಷಿ ಮೇಳದಲ್ಲಿ ಹಳ್ಳಿಕಾರ್ ಹೋರಿಯೊಂದಕ್ಕೆ ಒಂದು ಕೋಟಿ ರೂಪಾಯಿ ಬೆಲೆ ಎಂಬ ಸುದ್ದಿ ಎಲ್ಲರ ಫೋನಿಗೂ ಬಂದಿತ್ತು. ಇಂಥ ಮೆಸೇಜ್ ನೋಡಿ ಹಣ ಕೊಡುವ ಮೊದಲು ನಾವು ಸೂಚಿಸುವ ಪ್ರಶ್ನೆಗಳು ಇವು:

- ದಾಖಲೆಯಲ್ಲಿ ನೋಂದಣಿ ಸಂಖ್ಯೆ ಇದೆಯೇ? ಅದನ್ನು ಸಂಬಂಧಪಟ್ಟ ಸಂಸ್ಥೆಯಲ್ಲಿ ನೀವೇ ಪರಿಶೀಲಿಸಿದ್ದೀರಾ?
- ತಾಯಿಯ ಬಗ್ಗೆ ಏನು ಬರೆದಿದೆ?
- ಈ ಗಂಡಿಗೆ ಈಗಾಗಲೇ ಹುಟ್ಟಿದ ಮರಿಗಳು ಹೇಗಿವೆ? ಅವನ್ನು ನೋಡಬಹುದೇ?
- ಸ್ವತಂತ್ರ ಪಶುವೈದ್ಯರು ಇತ್ತೀಚೆಗೆ ಪರೀಕ್ಷಿಸಿದ ವರದಿ ಇದೆಯೇ?
- ತಂದೆ, ತಾಯಿ ಎರಡೂ ಕಡೆ ಒಂದೇ ಪೂರ್ವಜರ ಹೆಸರು ಬರುತ್ತಿದೆಯೇ?

ತೀರ್ಮಾನ

ಚಾಂಪಿಯನ್ ವಂಶದ ಮರಿ ಚಾಂಪಿಯನ್ ಆಗುವುದು ಗ್ಯಾರಂಟಿ ಎಂಬ ಹೇಳಿಕೆ ದಾರಿ ತಪ್ಪಿಸುವಂಥದ್ದು. ಸರಿಯಾದ ವಂಶಾವಳಿ ಉಪಯುಕ್ತ ದಾಖಲೆ, ಆದರೆ ಅದು ಆರೋಗ್ಯ ಪರೀಕ್ಷೆಗೆ ಬದಲಿಯಲ್ಲ. ಮೊದಲ ಗಂಡಿನ ಗುಣ ಉಳಿಯುತ್ತದೆ ಎಂಬ ಹೇಳಿಕೆ ಸಂಪೂರ್ಣ ಸುಳ್ಳು. ಅದು ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.