ಕಲ್ಲು ಯಾವ ಕಿಟಕಿಗೆ?

1993ರ ಡಿಸೆಂಬರ್. ಅಮೆರಿಕದ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಊರು. ಯಹೂದಿಗಳ ಹನುಕ್ಕಾ ಹಬ್ಬ ಹತ್ತಿರ ಬಂದಿತ್ತು. ಐದು ವರ್ಷದ ಹುಡುಗನ ಕೋಣೆಯ ಕಿಟಕಿಯಲ್ಲಿ ಮೆನೋರಾ ಇತ್ತು. ಮೆನೋರಾ ಅಂದ್ರೆ ಹಬ್ಬದ ಒಂಬತ್ತು ಕವಲಿನ ದೀಪ. ರಾತ್ರಿ ಯಾರೋ ಅದೇ ಕಿಟಕಿಗೆ ಕಲ್ಲು ಹೊಡೆದರು. ಪುಣ್ಯಕ್ಕೆ ಹುಡುಗ ಕೋಣೆಯಲ್ಲಿರಲಿಲ್ಲ.

ಊರಲ್ಲಿದ್ದ ಯಹೂದಿಗಳೇ ಕೆಲವರು. ಸುರಕ್ಷಿತವಾಗಿರಬೇಕಾದ್ರೆ ದೀಪ ತೆಗೆದುಬಿಡಿ ಅನ್ನೋ ಸಲಹೆ ಬಂತು. ಹುಡುಗನ ತಾಯಿ ಒಪ್ಪಲಿಲ್ಲ, ಪತ್ರಿಕೆಗೇ ಹೇಳಿದರು. ಆಮೇಲೆ ಆಗಿದ್ದು ನೋಡಿ. ಚರ್ಚ್‌ಗಳಲ್ಲಿ ಕ್ರೈಸ್ತ ಮಕ್ಕಳು ಕಾಗದದ ಮೆನೋರಾ ಮಾಡಿದರು. 'ಬಿಲ್ಲಿಂಗ್ಸ್ ಗೆಜೆಟ್' ಇಡೀ ಪುಟ ಮೆನೋರಾ ಚಿತ್ರ ಅಚ್ಚು ಹಾಕಿತು. ಸಾವಿರಾರು ಮನೆಗಳ ಕಿಟಕಿಯಲ್ಲಿ ಅದು ಕಾಣಿಸಿತು. ಕಿಡಿಗೇಡಿಗಳು ಸುಮ್ಮನಿದ್ದರಾ? ಇಲ್ಲ. ಕ್ರೈಸ್ತರ ಮನೆ, ಚರ್ಚ್‌ಗಳ ಗಾಜೂ ಒಡೆದವು. ಜನ ಮೆನೋರಾ ಇಳಿಸಲಿಲ್ಲ, ಇನ್ನಷ್ಟು ಕಿಟಕಿಗಳಿಗೆ ಅಂಟಿಸಿದರು.

ಇವರಿಗೆ ಸ್ಫೂರ್ತಿ ಒಂದು ಹಳೇ ಕಥೆ: ನಾಜಿಗಳ ಕಾಲದಲ್ಲಿ ಡೆನ್ಮಾರ್ಕಿನ ರಾಜ ತಾನೇ ಯಹೂದಿಗಳ ಹಳದಿ ನಕ್ಷತ್ರ ಧರಿಸಿದ್ದನಂತೆ. ಅದು ಕಟ್ಟುಕಥೆ. ಅಲ್ಲಿ ಆ ನಕ್ಷತ್ರದ ಆದೇಶವೇ ಜಾರಿಯಾಗಲಿಲ್ಲ. ಆದ್ರೆ 1943ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಜನ 7,000ಕ್ಕೂ ಹೆಚ್ಚು ಯಹೂದಿಗಳನ್ನು ಮೀನುಗಾರರ ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದ್ದು ಅಪ್ಪಟ ಇತಿಹಾಸ.

ಎರಡೂ ಕಡೆ ಜನ ಬರೀ ಖಂಡನೆ ಮಾಡಿ ಕೂರಲಿಲ್ಲ. ಪಕ್ಕದ ಮನೆಯವರ ಅಪಾಯದಲ್ಲಿ ತಾವೂ ಪಾಲು ತಗೊಂಡರು. ನಮ್ಮ ಪಕ್ಕದ ಮನೆ ಕಿಟಕಿಗೆ ಕಲ್ಲು ಬಿದ್ದ ದಿನ ನಾವೇನು ಮಾಡ್ತೀವಿ?