ದಿಮಾಪುರದ ಯುದ್ಧಕಾಲದ ಉಗ್ರಾಣ

ದ್ವಿತೀಯ ಮಹಾಯುದ್ಧದ ಚರಿತ್ರೆಯನ್ನು ಓದಿದವರಿಗೆ ಕೊಹಿಮಾ ಮತ್ತು ಇಂಫಾಲ ಚಿರಪರಿಚಿತ ಹೆಸರುಗಳು. ಆ ಎರಡೂ ಊರುಗಳಿಗೆ ಧಾನ್ಯ, ಮದ್ದುಗುಂಡು, ಪೆಟ್ರೋಲು, ಔಷಧಿಗಳನ್ನು ಒದಗಿಸುತ್ತಿದ್ದ ದಿಮಾಪುರದ ಸೇನಾ ಉಗ್ರಾಣ ಮಾತ್ರ ಕನ್ನಡದಲ್ಲಿ ಅಷ್ಟಾಗಿ ಪ್ರಸ್ತಾಪಗೊಂಡಿಲ್ಲ. 1944ರ ಏಪ್ರಿಲ್‌ನಲ್ಲಿ ಕೊಹಿಮಾದಲ್ಲಿ ಹರಿದ ರಕ್ತಕ್ಕೆ ಬಹುಪಾಲು ಕಾರಣ ಈ ಉಗ್ರಾಣವೇ.

ಇಂದು ನಾಗಾಲ್ಯಾಂಡಿನ ಅತಿದೊಡ್ಡ ನಗರವಾಗಿರುವ ದಿಮಾಪುರ ಅಂದು ಅಸ್ಸಾಂ ಪ್ರಾಂತ್ಯಕ್ಕೆ ಸೇರಿ, ನಾಗಾ ಗುಡ್ಡಗಳ ಬುಡದಲ್ಲಿದ್ದ ಸಣ್ಣ ಊರು. ಒಂದು ಕಾಲದಲ್ಲಿ ಕಚಾರಿ ಅರಸರ ರಾಜಧಾನಿ; ಅಣಬೆಯಾಕಾರದ ಅವರ ಶಿಲಾಸ್ತಂಭಗಳು ಈಗಲೂ ಅಲ್ಲಿವೆ. ಇಲ್ಲಿನ ರೈಲು ನಿಲ್ದಾಣಕ್ಕೆ ಆಗ 'ಮಣಿಪುರ ರೋಡ್' ಎಂದು ಹೆಸರು. ಇಲ್ಲಿಂದ ಹೊರಟ ಬೆಟ್ಟದ ರಸ್ತೆ 46 ಮೈಲಿಗೆ ಕೊಹಿಮಾವನ್ನು ಮುಟ್ಟಿ, ಮುಂದೆ ಇಂಫಾಲಕ್ಕೆ ಇಳಿಯುತ್ತದೆ.

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಮೇ ತಿಂಗಳ ಹೊತ್ತಿಗೆ ಬ್ರಿಟಿಷ್ ಸೇನೆ ಬರ್ಮಾವನ್ನು ಪೂರ್ತಿಯಾಗಿ ತೊರೆಯಿತು. ಅದರೊಡನೆ ಅಲ್ಲಿ ನೆಲೆಸಿದ್ದ ಲಕ್ಷಾಂತರ ಭಾರತೀಯರೂ ಕಾಲ್ನಡಿಗೆಯಲ್ಲಿ ಹೊರಟರು. ಅವರಲ್ಲಿ ಅನೇಕರು ಇಂಫಾಲದ ಮಾರ್ಗವಾಗಿ ಈ ನಿಲ್ದಾಣವನ್ನೇ ತಲುಪಿದರು. ಗಡಿ ಒಮ್ಮೆಗೇ ಯುದ್ಧರಂಗವಾದುದರಿಂದ ಸೇನೆಗೆ ಇಲ್ಲೊಂದು ದಾಸ್ತಾನು ಕೇಂದ್ರ ಅನಿವಾರ್ಯವಾಯಿತು.

ಕಟ್ಟುವುದು ಸುಲಭವಿರಲಿಲ್ಲ. ಕಲ್ಕತ್ತೆಯಿಂದ ಬ್ರಾಡ್‌ಗೇಜ್ ಹಳಿ ಪಾರ್ವತೀಪುರದವರೆಗೆ ಮಾತ್ರ (ಈ ಊರು ಈಗ ಬಾಂಗ್ಲಾದೇಶದಲ್ಲಿದೆ). ಅಲ್ಲಿ ಸರಕನ್ನೆಲ್ಲ ಇಳಿಸಿ ಮೀಟರ್‌ಗೇಜ್ ವ್ಯಾಗನ್ನುಗಳಿಗೆ ಹೇರಬೇಕು. ಬ್ರಹ್ಮಪುತ್ರೆಗೆ ಸೇತುವೆಯೇ ಇಲ್ಲ. ಅಮೀನ್‌ಗಾಂವ್‌ನಲ್ಲಿ ವ್ಯಾಗನ್ನುಗಳನ್ನು ದೋಣಿಗೇರಿಸಿ ಆಚೆಯ ಪಾಂಡುವಿನಲ್ಲಿ ಮತ್ತೆ ಹಳಿಗೆ ತರಬೇಕು. ಚಹಾ ತೋಟಗಳಿಗಾಗಿ ಹಾಕಿದ್ದ ಈ ಮಾರ್ಗ ಯುದ್ಧ ಗಡಿಗೆ ಬಂದಾಗ ದಿನಕ್ಕೆ 600 ಟನ್ ಮಾತ್ರ ಸಾಗಿಸುತ್ತಿತ್ತು. 1943ರ ಅಂತ್ಯಕ್ಕೆ ಅದು 2,800 ಟನ್‌ಗೇರಿತು. 1944ರ ಮಾರ್ಚ್‌ನಲ್ಲಿ ಅಮೆರಿಕದ ರೈಲ್ವೆ ಪಡೆಗಳು ನಿರ್ವಹಣೆ ವಹಿಸಿಕೊಂಡ ನಂತರ, ಅಕ್ಟೋಬರ್ ವೇಳೆಗೆ 4,400 ಟನ್. ಸೇನಾಪತಿಗಳ ವ್ಯೂಹಗಳಿಗಿಂತ ಈ ಮೂರು ಅಂಕಿಗಳೇ ಬರ್ಮಾ ಯುದ್ಧದ ಗತಿಯನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತವೆಂದು ನನ್ನ ಭಾವನೆ.

ಹೀಗೆ ಬೆಳೆದ ಉಗ್ರಾಣದ ಉದ್ದ 11 ಮೈಲಿ, ಅಗಲ ಒಂದು ಮೈಲಿ. ಅಕ್ಕಿ, ಗೋಧಿಹಿಟ್ಟು, ಬೇಳೆ, ತುಪ್ಪ, ಡಬ್ಬಿ ಆಹಾರ, ಗುಂಡು, ಟೈರು, ಇಂಧನ ಎಲ್ಲವೂ ಅಲ್ಲಿದ್ದವು. ಭಾರತೀಯ ಸಿಪಾಯಿಗಳಲ್ಲಿ ಬಹುಮಂದಿ ಡಬ್ಬಿ ಮಾಂಸ ಮುಟ್ಟುತ್ತಿರಲಿಲ್ಲವಾದ್ದರಿಂದ ಜೀವಂತ ಆಡುಗಳನ್ನೂ ಒದಗಿಸಬೇಕಾಗಿತ್ತು.

1944ರ ಮಾರ್ಚ್‌ನಲ್ಲಿ ಜಪಾನೀ ಸೇನೆ ಚಿಂದ್ವಿನ್ ನದಿ ದಾಟಿತು. ಬೆಟ್ಟಗಾಡಿನಲ್ಲಿ ಕೊಹಿಮಾ ಕಡೆಗೆ ಒಂದು ರೆಜಿಮೆಂಟಿಗಿಂತ ಹೆಚ್ಚು ಬರಲಾರದೆಂದು 14ನೇ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್ ಲೆಕ್ಕ ಹಾಕಿದ್ದರು. ಬಂದದ್ದು ಸಾತೋ ಕೋತೋಕು ನೇತೃತ್ವದ 31ನೇ ಡಿವಿಷನ್ ಇಡಿಯಾಗಿ. ಸ್ಲಿಮ್ ಧಾವಿಸಿ ಬಂದು ದಿಮಾಪುರದ ಅಧಿಕಾರಿಯನ್ನು ವಿಚಾರಿಸಿದಾಗ, ಊಟದ ಲೆಕ್ಕದಲ್ಲಿದ್ದವರು ಸುಮಾರು 45,000. ಬಂದೂಕು ಹಾರಿಸಬಲ್ಲವರು ಹೆಚ್ಚೆಂದರೆ 500 ಎಂದು ತಿಳಿದುಬಂತು. ಉಳಿದವರು ಗುಮಾಸ್ತರು, ಚಾಲಕರು, ಅಡುಗೆಯವರು, ಹಮಾಲರು.

ಅರಕಾನ್‌ನಿಂದ ವಿಮಾನದಲ್ಲಿ ತಂದ 161ನೇ ಬ್ರಿಗೇಡನ್ನು ಕೊಹಿಮಾಕ್ಕೆ ಕಳುಹಿಸಿ, ಉಗ್ರಾಣಕ್ಕೆ ಕಾವಲಿಲ್ಲವೆಂಬ ಭಯದಿಂದ ಮತ್ತೆ ದಿಮಾಪುರಕ್ಕೆ ಕರೆಸಿಕೊಂಡರು. ಪುನಃ ಕಳುಹಿಸುವಷ್ಟರಲ್ಲಿ ಶತ್ರು ಸಮೀಪಿಸಿಯಾಗಿತ್ತು. ಏಪ್ರಿಲ್ 5ರಂದು ಒಳಹೊಕ್ಕಿದ್ದು ಪ್ರಧಾನವಾಗಿ ಒಂದೇ ಬೆಟಾಲಿಯನ್. ಅದೂ ಅಸ್ಸಾಂ ರೆಜಿಮೆಂಟ್, ಅಸ್ಸಾಂ ರೈಫಲ್ಸ್‌ಗಳ ಸಿಪಾಯಿಗಳೂ ಸೇರಿ ಸುಮಾರು 2,500 ಜನ ಹದಿನೈದು ದಿನ ದಿಗ್ಬಂಧನವನ್ನು ತಡೆದರು. ಅವರಲ್ಲೂ ಸುಮಾರು 1,000 ಮಂದಿ ಯುದ್ಧ ಮಾಡುವವರಲ್ಲ. ಅಷ್ಟರಲ್ಲಿ ಬೆಳಗಾವಿ ಪ್ರದೇಶದ ಕಾಡುಗಳಲ್ಲಿ ತರಬೇತಿ ಪಡೆದಿದ್ದ ಬ್ರಿಟಿಷ್ 2ನೇ ಡಿವಿಷನ್ ದಿಮಾಪುರಕ್ಕೆ ಬಂದಿಳಿಯುತ್ತಿತ್ತು.

ಸಾತೋ ಕೊಹಿಮಾವನ್ನು ಬದಿಗಿಟ್ಟು ನೇರವಾಗಿ ದಿಮಾಪುರಕ್ಕೆ ನುಗ್ಗಿದ್ದರೆ? ಉಗ್ರಾಣದೊಡನೆ ರೈಲು ಮಾರ್ಗವೂ ಕಡಿದು, ಚೀನಕ್ಕೆ ಸಾಮಗ್ರಿ ಸಾಗಿಸುತ್ತಿದ್ದ ಮೇಲಣ ಅಸ್ಸಾಮಿನ ವಿಮಾನ ನೆಲೆಗಳೂ ಬರಿದಾಗುತ್ತಿದ್ದವು. ಆತನ ಮೇಲಧಿಕಾರಿ ಮುತಾಗುಚಿ ಇದನ್ನು ಅರಿತು ಮುನ್ನುಗ್ಗಲು ಆಜ್ಞೆ ಕೊಟ್ಟರೂ, ಅವನಿಗಿಂತ ಮೇಲಿದ್ದ ಕವಾಬೆ ಅದನ್ನು ರದ್ದುಪಡಿಸಿದ. ಸಾತೋನ ಶಿಬಿರದ ಮೇಲೆ ಬಾಂಬ್ ಹಾಕುವ ಯೋಜನೆ ಬಂದಾಗ, ಇಂಥ ಉಪಕಾರಿ ಬದುಕಿರಲಿ ಎಂದು ಸ್ಲಿಮ್ ಬೇಡವೆಂದರಂತೆ. ನನಗೆ ಈ ಪರಿಹಾಸ್ಯ ತುಸು ಅನ್ಯಾಯವೆನಿಸುತ್ತದೆ. ಮೂರು ವಾರಗಳ ಆಹಾರ ಕಟ್ಟಿಕೊಂಡು ಬಂದ ಸೈನ್ಯ ಅದು. ಶತ್ರುವಿನ ದಾಸ್ತಾನು ದಕ್ಕುವುದೆಂಬ ನಂಬಿಕೆಯಲ್ಲೇ ಮುತಾಗುಚಿ ಅದನ್ನು ಕಳುಹಿಸಿದ್ದ. ಹಸಿದ ಸೈನಿಕರನ್ನು ಸಾತೋ ಮೇ ಅಂತ್ಯದಲ್ಲಿ ಆಜ್ಞೆ ಮೀರಿ ಹಿಂದಕ್ಕೆ ಕರೆದೊಯ್ದ.

ಜೂನ್ 22ರಂದು ದಿಮಾಪುರದಿಂದ 109ನೇ ಮೈಲಿಗಲ್ಲಿನ ಬಳಿ ಎರಡು ಕಡೆಯಿಂದ ಬಂದ ಪಡೆಗಳು ಸಂಧಿಸಿದವು. ಉಗ್ರಾಣದ ಲಾರಿಗಳು ಮತ್ತೆ ಇಂಫಾಲದ ಕಡೆಗೆ ಓಡತೊಡಗಿದವು.